ಶೀಟು ಎಣಿಸಿದ್ದು ಸಾಕು, ನೋಡುವುದನ್ನು ಕಲಿಸಿ: ಕಲಾ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ದೃಶ್ಯಕಲಾ ಕಾಲೇಜುಗಳ ಪ್ರಾಂಶುಪಾಲರಿಗೆ, ಅಧ್ಯಾಪಕರಿಗೆ ಮತ್ತು ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಯ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಚಿತ್ರ ಬರೆಯುವವಳು. ನಮ್ಮದೇ ರಾಜ್ಯದ ಒಂದು ಕಲಾ ಕಾಲೇಜಿನಲ್ಲಿ ಓದಿದೆ. ಈಚಿನ ವರ್ಷಗಳಲ್ಲಿ ಬೇರೆ ಬೇರೆ ಕಾಲೇಜುಗಳಿಗೆ ಪ್ರಾಕ್ಟಿಕಲ್ ಪರೀಕ್ಷೆಗೆ ಎಕ್ಸ್‌ಟರ್ನಲ್, ಅಂದರೆ ಹೊರಗಿನ ಪರೀಕ್ಷಕಿ, ಆಗಿ ಹೋಗುತ್ತಿದ್ದೇನೆ. ಅಲ್ಲಿ ಕಂಡದ್ದನ್ನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಹೇಳಿದ್ದೇನೆ, ವರದಿಯಲ್ಲಿ ಬರೆದಿದ್ದೇನೆ. ‘ಹೌದು ಮೇಡಂ, ನಿಜ’ ಎಂದು ಎಲ್ಲರೂ ಒಪ್ಪಿದ್ದಾರೆ. ಮುಂದಿನ ವರ್ಷ ಹೋದಾಗ ಏನೂ ಬದಲಾಗಿರುವುದಿಲ್ಲ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ದೂರು ಒಂದೇ. ನಾಲ್ಕು ವರ್ಷದ ಬಿವಿಎ (ದೃಶ್ಯಕಲಾ ಪದವಿ) ಕೋರ್ಸಿನಲ್ಲಿ ನಾವು ಮಕ್ಕಳಿಂದ ರಾಶಿ ರಾಶಿ ಚಿತ್ರ ಮಾಡಿಸುತ್ತಿದ್ದೇವೆ. ನೋಡುವುದನ್ನು ಮಾತ್ರ ಕಲಿಸುತ್ತಿಲ್ಲ.

ಒಂದು ಕಾಲೇಜಿನ ಹಾಲ್‌ನಲ್ಲಿ ಪರೀಕ್ಷೆಗೆಂದು ಡಿಸ್‌ಪ್ಲೇ ಮಾಡಿದ್ದರು. ಗೋಡೆ ತುಂಬಾ ಹೆಡ್ ಸ್ಟಡಿ, ಅಂದರೆ ಎದುರಿಗೆ ಕೂತ ಮಾಡೆಲ್ ನೋಡಿ ಬರೆಯಬೇಕಾದ ಮುಖದ ಚಿತ್ರಗಳು. ಕೆಲಸ ಬಹಳ ಚೊಕ್ಕಟವಾಗಿತ್ತು. ಚರ್ಮದ ಸುಕ್ಕು, ಗಡ್ಡದ ಒಂದೊಂದು ಕೂದಲು ಎಲ್ಲ ಇತ್ತು. ಆದರೆ ಒಂದು ಮುಖದ ಮುಂದೆ ನಿಂತವಳಿಗೆ ಕಸಿವಿಸಿಯಾಯಿತು. ಮೂಗು ದಪ್ಪಗೆ ಮುಂದಕ್ಕೆ ಬಂದಿದೆ, ಕಿವಿಗಳು ಹಿಂದೆ ಸರಿದು ಸಣ್ಣಗಾಗಿವೆ. ಎರಡೂ ಕಣ್ಣಿನ ನಟ್ಟನಡುವೆ ಒಂದೊಂದು ಬಿಳಿ ಚುಕ್ಕೆ. ಫೋನನ್ನು ಮುಖದ ಹತ್ತಿರ ಹಿಡಿದು, ಫ್ಲ್ಯಾಶ್ ಹಾಕಿ ತೆಗೆದರೆ ಮುಖ ಹೀಗೆ ಕಾಣುತ್ತದೆ. ಆರಡಿ ದೂರದಲ್ಲಿ ಸ್ಟೂಲ್ ಮೇಲೆ ಕೂತವರ ಮೂಗು ಹಾಗಿರುವುದಿಲ್ಲ. ಕಿಟಕಿಯ ಬೆಳಕಾದರೆ ಕಣ್ಣಿನ ಹೊಳಪು ಒಂದು ಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ ಇರುತ್ತದೆ. ಆ ಚಿತ್ರ ಮಾಡಿದ ಹುಡುಗಿಯನ್ನು ‘ಬೆಳಕು ಯಾವ ಕಡೆಯಿಂದ ಬರ್ತಿತ್ತಮ್ಮ?’ ಎಂದು ಕೇಳಿದೆ. ಅವಳು ಸುಮ್ಮನೆ ನಿಂತಳು. ಆಮೇಲೆ ಮೆಲ್ಲಗೆ, ‘ಮಾಡೆಲ್ ಬಂದಿರಲಿಲ್ಲ ಮೇಡಂ, ಫೋಟೊ ನೋಡಿ ಮಾಡಿದ್ವಿ’ ಎಂದಳು. ಇಡೀ ಬ್ಯಾಚ್ ಅದೇ ಒಂದು ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿಕೊಂಡು ಮಾಡಿತ್ತು.

ಆ ಹುಡುಗಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವಳ ಕೈ ಬಹಳ ಪಳಗಿದೆ. ಆದರೆ ಅವಳ ಹಕ್ಕಿನ ಒಂದು ಪಾಠವನ್ನು ಕಾಲೇಜು ಅವಳಿಗೆ ಕೊಡಲೇ ಇಲ್ಲ. ಎದುರಿಗೆ ಜೀವಂತ ಮನುಷ್ಯ ಕೂತಾಗ ನಡೆಯುವುದೇ ಬೇರೆ. ಅವರು ಉಸಿರಾಡುತ್ತಾರೆ, ಭುಜ ಸ್ವಲ್ಪ ಇಳಿಯುತ್ತದೆ, ಅರ್ಧ ಗಂಟೆಯಲ್ಲಿ ಕತ್ತು ಒಂದು ಕಡೆ ವಾಲುತ್ತದೆ. ಬೆಳಗ್ಗೆ ಕೆನ್ನೆಯ ಮೇಲಿದ್ದ ನೆರಳು ಮಧ್ಯಾಹ್ನದ ಹೊತ್ತಿಗೆ ಗದ್ದಕ್ಕೆ ಇಳಿದಿರುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಪ್ರತಿ ಗೆರೆಗೂ ನೀವೇ ತೀರ್ಮಾನ ಮಾಡಬೇಕು. ಫೋಟೊದಲ್ಲಿ ಆ ತೀರ್ಮಾನವನ್ನೆಲ್ಲ ಕ್ಯಾಮೆರಾ ಮೊದಲೇ ಮಾಡಿ ಮುಗಿಸಿರುತ್ತದೆ. ಉಳಿಯುವುದು ನಕಲು ಮಾಡುವ ಕೆಲಸ. ಫೋಟೊ ಇಟ್ಟುಕೊಂಡು ಒಳ್ಳೆಯ ಚಿತ್ರ ಮಾಡುವ ಕಲಾವಿದರಿದ್ದಾರೆ, ನನಗೆ ಗೊತ್ತು. ಮೊದಲು ನೋಡಲು ಕಲಿತು ಆಮೇಲೆ ಫೋಟೊಗೆ ಬಂದವರು ಅವರು. ನಮ್ಮ ಮಕ್ಕಳು ಮೊದಲ ವರ್ಷದಿಂದಲೇ ಸ್ಕ್ರೀನ್ ನೋಡಿ ಬರೆಯುತ್ತಿದ್ದಾರೆ.

ಮಾಡೆಲ್ ಯಾಕೆ ಬರುವುದಿಲ್ಲ ಎಂದು ವಿಚಾರಿಸಿದರೆ ಸಿಗುವ ಉತ್ತರ ಬಹಳ ಸಣ್ಣದು. ಕೊಡುವ ದುಡ್ಡು ದಿನಗೂಲಿಗಿಂತ ಕಡಿಮೆ. ಅದೂ ಬಿಲ್ ಪಾಸಾಗಿ ಕೈಗೆ ಸೇರಲು ತಿಂಗಳುಗಟ್ಟಲೆ ಬೇಕು. ಒಂದು ಸಲ ಬಂದು ಕೂತ ಅಜ್ಜ ಮತ್ತೆ ಯಾಕೆ ಬರುತ್ತಾರೆ ಹೇಳಿ? ಗಂಟೆಗಟ್ಟಲೆ ಅಲ್ಲಾಡದೆ ಕೂರುವುದು ಸುಲಭದ ಕೆಲಸವಲ್ಲ. ಅವರಿಗೆ ಬೆನ್ನು ಆನಿಸಲು ಏನಾದರೂ ಇದೆಯೇ, ನಡುವೆ ಬಿಡುವು ಕೊಡುತ್ತೇವೆಯೇ ಎಂದು ಎಷ್ಟು ವಿಭಾಗಗಳು ಯೋಚಿಸಿವೆ? ಕಾಲೇಜಿನ ವಾರ್ಷಿಕೋತ್ಸವಕ್ಕೆ ಬ್ಯಾನರ್, ಶಾಲು, ಹಾರಕ್ಕೆ ಹಣ ಸಿಗುತ್ತದೆ. ಮಾಡೆಲ್‌ಗೆ ಸಿಗುವುದಿಲ್ಲ ಎಂದರೆ ನಾನು ಒಪ್ಪಲಾರೆ.

ಎರಡನೆಯ ವಿಷಯ ಸಬ್‌ಮಿಷನ್, ಅಂದರೆ ಮಕ್ಕಳು ಮಾಡಿ ಒಪ್ಪಿಸಬೇಕಾದ ಶೀಟುಗಳು. ಈ ಸೆಮಿಸ್ಟರಿಗೆ ಇಷ್ಟು ಸ್ಟಿಲ್ ಲೈಫ್, ಇಷ್ಟು ಔಟ್‌ಡೋರ್, ಇಷ್ಟು ಕಂಪೋಸಿಷನ್, ಇಷ್ಟು ನೂರು ಸ್ಕೆಚ್ ಎಂದು ಲೆಕ್ಕ ಕೊಡುತ್ತೇವೆ. ಮಕ್ಕಳು ಆ ಲೆಕ್ಕ ಮುಗಿಸುತ್ತಾರೆ. ಕೊನೆಯ ವಾರ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂತು ಸ್ಕೆಚ್ ಬುಕ್ ತುಂಬಿಸುತ್ತಾರೆ. ಬಸ್ ಸ್ಟ್ಯಾಂಡಿಗೆ ಹೋಗದೇ ಬಸ್ ಸ್ಟ್ಯಾಂಡಿನ ಜನ, ಸಂತೆಗೆ ಹೋಗದೇ ಸಂತೆ. ಪುಟ ತಿರುಗಿಸಿದರೆ ಗೊತ್ತಾಗುತ್ತದೆ: ಒಂದೇ ಪೆನ್ನು, ಒಂದೇ ಒತ್ತಡ, ಎಲ್ಲರೂ ಒಂದೇ ಥರ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಒಂದು ತಿಂಗಳು ಪ್ರತಿದಿನ ಒಂದೇ ಮರವನ್ನು ನೋಡಿ ಬರೆದ ಹುಡುಗನ ಮೂವತ್ತು ಹಾಳೆಗೆ ನಮ್ಮ ಅಂಕಪಟ್ಟಿಯಲ್ಲಿ ಜಾಗವೇ ಇಲ್ಲ. ಕೆಟ್ಟುಹೋದ ಕೆಲಸವನ್ನಂತೂ ಯಾರೂ ಡಿಸ್‌ಪ್ಲೇಗೆ ಇಡುವುದಿಲ್ಲ. ನನಗೆ ಕಾಣಬೇಕಿರುವುದು ಅದೇ. ಐದನೇ ಪ್ರಯತ್ನದಲ್ಲಿ ಎಲ್ಲಿ ಎಡವಿದ, ಆರನೆಯದರಲ್ಲಿ ಏನು ಬದಲಾಯಿಸಿದ ಎಂದು ನೋಡಿದರೆ ತಾನೇ ಕಲಿತಿದ್ದಾನೋ ಇಲ್ಲವೋ ಹೇಳಲು ಸಾಧ್ಯ?

ಈ ರೋಗ ಎಲ್ಲಿಂದ ಬಂತು ಎಂದು ಸ್ವಲ್ಪ ಹಿಂದೆ ತಿರುಗಿ ನೋಡಬೇಕು. ಮದ್ರಾಸಿನ ಕಲಾ ಶಾಲೆ ಶುರುವಾದದ್ದು 1850ರಲ್ಲಿ. ಕಲ್ಕತ್ತಾದ್ದು 1854, ಬಾಂಬೆಯ ಜೆ.ಜೆ. ಶಾಲೆ 1857. ಇವುಗಳ ಹಿಂದಿದ್ದ ಆಸೆ ಒಳ್ಳೆಯ ಕುಶಲಕರ್ಮಿಗಳನ್ನು, ನಕ್ಷೆ ತೆಗೆಯುವವರನ್ನು ತಯಾರು ಮಾಡುವುದು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯಂತೆ ಮೊದಲು ಅಚ್ಚಾದ ಚಿತ್ರ ನೋಡಿ ನಕಲು, ಆಮೇಲೆ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಎರಕ ನೋಡಿ ನಕಲು. ಗೆರೆ ಎಷ್ಟು ಚೊಕ್ಕಟ ಎಂಬುದಕ್ಕೆ ಮಾರ್ಕು. ಇದನ್ನು ಪ್ರಶ್ನಿಸಿದವರು ಆ ಕಾಲದಲ್ಲೇ ಇದ್ದರು. 1896ರಲ್ಲಿ ಕಲ್ಕತ್ತಾ ಶಾಲೆಗೆ ಮುಖ್ಯಸ್ಥರಾಗಿ ಬಂದ ಇ.ಬಿ. ಹ್ಯಾವೆಲ್ ಅಲ್ಲಿನ ಯುರೋಪಿನ ಚಿತ್ರಗಳನ್ನು ಪಕ್ಕಕ್ಕಿಟ್ಟು ಮೊಘಲ್ ಚಿತ್ರಗಳನ್ನು ಸಂಗ್ರಹಿಸಿದರು. ಚಿತ್ರಕಾರ ಅವನೀಂದ್ರನಾಥ ಟಾಗೋರ್ ಅವರನ್ನು ಪಾಠಕ್ಕೆ ಕರೆತಂದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಅದೇ ಅವನೀಂದ್ರನಾಥರ ಬಳಿ ಕಲಿತು ಬಂದವರು. ನಂದಲಾಲ್ ಬೋಸ್ ಅಲ್ಲಿ ಅವರ ಜೊತೆಯವರು.

1919ರಲ್ಲಿ ಎರಡು ಕಡೆ ಎರಡು ಶಾಲೆ ಶುರುವಾದವು. ಶಾಂತಿನಿಕೇತನದಲ್ಲಿ ಕಲಾಭವನ, ಜರ್ಮನಿಯ ವೈಮರ್‌ನಲ್ಲಿ ಬೌಹೌಸ್. ಮೂರು ವರ್ಷ ಕಳೆದು 1922ರ ಡಿಸೆಂಬರಿನಲ್ಲಿ ಬೌಹೌಸ್ ಕಲಾವಿದರ ಕೆಲಸ ಕಲ್ಕತ್ತಾದಲ್ಲಿ ಪ್ರದರ್ಶನವಾಯಿತು. ಎರಡೂ ಶಾಲೆಗಳ ದಾರಿ ಬೇರೆ, ಆದರೆ ನಕಲಿನಿಂದ ಪಾಠ ಶುರು ಮಾಡಬಾರದು ಎಂಬುದರಲ್ಲಿ ಎರಡಕ್ಕೂ ಸಂಶಯವಿರಲಿಲ್ಲ. ಕಲಾಭವನದಲ್ಲಿ ನಂದಲಾಲರು ಮಕ್ಕಳನ್ನು ಮರದ ಕೆಳಗೆ, ಸಂತಾಲರ ಹಳ್ಳಿಗಳಿಗೆ ಕರೆದುಕೊಂಡು ಹೋಗಿ ಗಿಡ, ಎತ್ತು, ಜನ ನೋಡಿಸುತ್ತಿದ್ದರು. ಅವರ ಬಳಿ ಕಲಿತ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಹುಟ್ಟಿನಿಂದ ದೃಷ್ಟಿ ಮಂದ. ಅಂಥವರು ಮುಂದೆ ಶಾಂತಿನಿಕೇತನದ ಹಿಂದಿ ಭವನದ ಗೋಡೆಯ ಮೇಲೆ ಸಂತರ ದೊಡ್ಡ ಭಿತ್ತಿಚಿತ್ರ ಮಾಡಿದರು. 1950ರ ದಶಕದಲ್ಲಿ ಕಣ್ಣು ಪೂರ್ತಿ ಹೋಯಿತು. ಆಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಕೆಲಸ ಮಾಡಿದರು, ಪಾಠವನ್ನೂ ಮಾಡಿದರು. ನೋಡುವುದನ್ನು ಎಷ್ಟು ಗಟ್ಟಿಯಾಗಿ ಕಲಿತಿದ್ದರು ಎಂದು ಯೋಚಿಸಿ. ಅವರ ಶಿಷ್ಯ ಕೆ.ಜಿ. ಸುಬ್ರಮಣ್ಯನ್ ಬರೋಡಾದಲ್ಲಿ ಪಾಠ ಮಾಡಿ ಇನ್ನೊಂದು ತಲೆಮಾರನ್ನೇ ಬೆಳೆಸಿದರು.

ನಮ್ಮ ಮೊದಲ ವರ್ಷದ ಫೌಂಡೇಷನ್ ಕೋರ್ಸ್ ಬೌಹೌಸ್ ಕಡೆಯಿಂದ ಬಂದದ್ದು. ಬಂದದ್ದು ಚೌಕಟ್ಟು ಮಾತ್ರ, ಒಳಗಿನ ಪ್ರಶ್ನೆ ದಾರಿಯಲ್ಲೇ ಬಿದ್ದುಹೋಗಿದೆ. ಬಣ್ಣದ ಪಾಠವನ್ನೇ ತೆಗೆದುಕೊಳ್ಳಿ. ಬೌಹೌಸ್‌ನಲ್ಲಿ ಕಲಿತು, ಅಲ್ಲೇ ಕಲಿಸಿ, ಆಮೇಲೆ ಅಮೆರಿಕಕ್ಕೆ ಹೋದ ಜೋಸೆಫ್ ಆಲ್ಬರ್ಸ್ ಬಣ್ಣದ ಪಾಠಕ್ಕೆ ಬಣ್ಣದ ಕಾಗದವನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಒಂದೇ ಕಾಗದದಿಂದ ಎರಡು ಸಣ್ಣ ತುಂಡು ಕತ್ತರಿಸಿ, ಒಂದನ್ನು ಕಡುನೀಲಿಯ ಮೇಲೆ, ಇನ್ನೊಂದನ್ನು ಹಳದಿಯ ಮೇಲೆ ಇಡಬೇಕು. ಎರಡೂ ಬೇರೆ ಬೇರೆ ಬಣ್ಣದ ಹಾಗೆ ಕಾಣುತ್ತವೆ. ‘ಇಲ್ಲ, ಇದು ಒಂದೇ’ ಎಂದರೆ ನಂಬಲು ಕಷ್ಟ. ಇದನ್ನು ನಾನು ಶಾಲೆಯ ಮಕ್ಕಳಿಗೆ ಮಾಡಿಸಿದ್ದೇನೆ. ತುಂಡನ್ನು ಎತ್ತಿ ಪಕ್ಕಪಕ್ಕ ಇಟ್ಟು ನೋಡುವಾಗ ಅವರು ಕೂಗಿಬಿಡುತ್ತಾರೆ! ಬಣ್ಣ ಪಕ್ಕದ ಬಣ್ಣದ ಜೊತೆ ಮಾತಾಡುತ್ತದೆ ಎಂಬುದು ಒಂದೇ ಗಂಟೆಯಲ್ಲಿ ಅವರ ಕಣ್ಣಿಗೇ ಗೊತ್ತಾಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಏನು ಮಾಡಿಸುತ್ತೇವೆ? ಹನ್ನೆರಡು ಮನೆಯ ಕಲರ್ ವೀಲ್. ಕಂಪಾಸ್ ಹಿಡಿದು ವೃತ್ತ ಎಳೆದು, ಪೋಸ್ಟರ್ ಕಲರ್ ತುಂಬಬೇಕು. ಬಣ್ಣ ಗೆರೆ ದಾಟಿದರೆ ಮಾರ್ಕು ಕಡಿತ. ಕೆಂಪು, ಹಸಿರು ಎದುರುಬದುರು ಎಂದು ಬಾಯಿಪಾಠ. ಆ ಕೆಂಪನ್ನು ಆ ಹಸಿರಿನ ಪಕ್ಕ ಇಟ್ಟಾಗ ಅಂಚು ನಡುಗುವ ಹಾಗೆ ಕಾಣುತ್ತದೆ ಎಂದು ಯಾರೂ ತೋರಿಸುವುದಿಲ್ಲ. ಮಗು ಒಂದು ವಾರ ಕಷ್ಟಪಟ್ಟು ಚಕ್ರ ಮುಗಿಸುತ್ತದೆ. ಬಣ್ಣದ ಬಗ್ಗೆ ಅದಕ್ಕೆ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಕಲಾ ಇತಿಹಾಸದ ಕತೆ ಇನ್ನೂ ಬೇಸರದ್ದು. ಡಿಕ್ಟೇಷನ್ ನೋಟ್ಸು, ಇಸವಿ, ಐದು ಮಾರ್ಕಿನ ಟಿಪ್ಪಣಿ. ಜೆರಾಕ್ಸ್ ಆಗಿ ಆಗಿ ಕಪ್ಪಾದ ಒಂದು ಚಿತ್ರ ತೋರಿಸಿ ‘ಇದು ಇಂಪ್ರೆಷನಿಸಂ’ ಎನ್ನುತ್ತೇವೆ. ಬಣ್ಣಕ್ಕಾಗಿಯೇ ಬದುಕಿದ ಚಿತ್ರಕಾರರ ಕೆಲಸವನ್ನು ಕಪ್ಪು ಬಿಳುಪಿನಲ್ಲಿ ಕಲಿಸುವುದು ಅನ್ಯಾಯ ಅಲ್ವಾ? ದೂರದ್ದು ಹೋಗಲಿ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾವಣಿಯ ಅಂಚಿನಲ್ಲಿ ಹಳೆಯ ವರ್ಣಚಿತ್ರದ ಅಳಿದುಳಿದ ತುಣುಕುಗಳಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯಲ್ಲಿ 1780ರ ಪೊಲ್ಲಿಲೂರು ಯುದ್ಧ ಗೋಡೆ ತುಂಬಾ ಇದೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಮಂಟಪದಲ್ಲಿ ತಲೆ ಎತ್ತಿದರೆ ಚಾವಣಿಯೆಲ್ಲ ಚಿತ್ರ. ಮಲೆನಾಡಿನಲ್ಲಿ ದೀವರ ಹೆಣ್ಣುಮಕ್ಕಳು ಬರೆಯುವ ಚಿತ್ತಾರ ಇಂದಿಗೂ ಉಸಿರಾಡುತ್ತಿದೆ. ಬೆಂಗಳೂರಿನಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ, 2009ರಲ್ಲಿ ಬಾಗಿಲು ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳೇ ಇವೆ. ಇವುಗಳ ಮುಂದೆ ಒಂದು ಇಡೀ ದಿನ ಕೂತ ವಿದ್ಯಾರ್ಥಿ ನನಗೆ ಈವರೆಗೆ ಸಿಕ್ಕಿಲ್ಲ. ಸ್ಟಡಿ ಟೂರ್ ಹೋಗುತ್ತಾರೆ, ನಿಜ. ನಾಲ್ಕು ದಿನದಲ್ಲಿ ಹನ್ನೆರಡು ಊರು. ಬಸ್ಸಿನಿಂದ ಇಳಿ, ಗ್ರೂಪ್ ಫೋಟೊ, ಹತ್ತು.

ಭಾಷೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಬಹಳಷ್ಟು ಜನ ಹಳ್ಳಿಯವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅವರಿಗೆ ಇಂಗ್ಲಿಷ್‌ನಲ್ಲಿ ‘ನಿಮ್ಮ ಕಾನ್ಸೆಪ್ಟ್ ಏನು?’ ಎಂದು ಕೇಳುತ್ತೇವೆ. ಅವರು ಯಾರೋ ಬರೆದುಕೊಟ್ಟ ನಾಲ್ಕು ಸಾಲು ಒಪ್ಪಿಸುತ್ತಾರೆ. ಗ್ರಾಫಿಕ್ಸ್ (ಅಚ್ಚುಚಿತ್ರ) ವಿಭಾಗದ ಒಬ್ಬ ಹುಡುಗ ಹಾಗೇ ತಡವರಿಸುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದೆ, ‘ಚಿತ್ರದಲ್ಲಿ ಈ ಗೋಡೆ ಇಷ್ಟು ಒರಟಾಗಿ ಹೇಗೆ ಬಂತಪ್ಪ?’ ಅವನು ಶುರು ಮಾಡಿದ. ಚಿತ್ರ ಕೊರೆಯಲು ಸತುವಿನ ಪ್ಲೇಟನ್ನು ಆ್ಯಸಿಡ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಬಿಟ್ಟನಂತೆ. ಅಂಚು ಕೊರೆದುಹೋಯಿತು, ಪ್ಲೇಟ್ ಹಾಳಾಯಿತು ಎಂದು ಗೆಳೆಯರು ನಕ್ಕರಂತೆ. ‘ಆದರೆ ನಮ್ಮ ಮನೆ ಗೋಡೆಯ ಸುಣ್ಣ ಮಳೆಗಾಲದಲ್ಲಿ ಹಿಂಗೇ ಏಳ್ತದೆ ಮೇಡಂ, ಅದಕ್ಕೆ ಆ ಜಾಗಕ್ಕೆ ಆ್ಯಸಿಡ್ ತಡೆಯೋ ವಾರ್ನಿಶ್ ಹಾಕದೆ ಇನ್ನೊಂದು ಸಲ ಮುಳುಗಿಸಿದೆ’ ಎಂದ. ಅಲ್ಲಿ ನೋಡಿದ್ದು ಇದೆ, ಎಡವಿದ್ದು ಇದೆ, ಎಡವಿದ್ದನ್ನು ಬೇಕೆಂದೇ ಬಳಸಿಕೊಂಡ ಧೈರ್ಯ ಇದೆ. ಇಂಗ್ಲಿಷ್ ವೈವಾದಲ್ಲಿ ಇದು ಯಾವುದೂ ಹೊರಗೆ ಬರುತ್ತಿರಲಿಲ್ಲ.

ಮಾತಿನ ಬಗ್ಗೆಯೇ ಇನ್ನೊಂದು. ನಮ್ಮಲ್ಲಿ ಚಿತ್ರದ ಮುಂದೆ ಕೂತು ಚರ್ಚೆ ಮಾಡುವ ಅಭ್ಯಾಸ ಹೆಚ್ಚುಕಡಿಮೆ ಸತ್ತಿದೆ. ಮೇಷ್ಟ್ರು ಬರುತ್ತಾರೆ, ‘ಚೆನ್ನಾಗಿದೆ, ಇನ್ನೂ ಸ್ವಲ್ಪ ಡಾರ್ಕ್ ಮಾಡು’ ಎಂದು ಮುಂದಿನ ಈಸಲ್‌ಗೆ ಹೋಗುತ್ತಾರೆ. ಕೆಲವರು ವಿದ್ಯಾರ್ಥಿಯ ಬ್ರಷ್ ಕಿತ್ತುಕೊಂಡು ತಾವೇ ತಿದ್ದಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಶೀಟು ಚೆನ್ನಾಗುತ್ತದೆ, ಮಗುವಿಗೆ ತನ್ನ ಕೈ ಮೇಲಿನ ನಂಬಿಕೆ ಹೋಗುತ್ತದೆ. ನನಗೆ ಕಲಿಸಿದ ಒಬ್ಬ ಮೇಷ್ಟ್ರು ಶನಿವಾರ ಒಬ್ಬರ ಒಂದೇ ಚಿತ್ರವನ್ನು ಗೋಡೆಗೆ ಒರಗಿಸಿ ಎಲ್ಲರನ್ನೂ ನೆಲದ ಮೇಲೆ ಕೂರಿಸುತ್ತಿದ್ದರು. ಮೊದಲ ಅರ್ಧ ಗಂಟೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡು ಮಾತು ಆಡಕೂಡದು. ಏನು ಕಾಣುತ್ತಿದೆ ಅಷ್ಟೇ ಹೇಳಬೇಕು. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿ ಸಿಕ್ಕಿಕೊಂಡಿತು. ಚಿತ್ರ ಮಾಡಿದವರು ಕೊನೆಗೆ ಮಾತಾಡಬೇಕು. ನಮಗೆ ಮೊದಮೊದಲು ಹಿಂಸೆ ಅನ್ನಿಸುತ್ತಿತ್ತು. ಎರಡು ತಿಂಗಳಲ್ಲಿ ಬೇರೆಯವರ ಚಿತ್ರ ನೋಡುವ ಕಣ್ಣಿನಿಂದಲೇ ನಮ್ಮ ಚಿತ್ರವನ್ನೂ ನೋಡಲು ಬಂತು. ನನಗೆ ಕಾಲೇಜಿನಲ್ಲಿ ಸಿಕ್ಕಿದ್ದರಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿರುವುದು ಅದು. ಅದಕ್ಕೆ ಬಿಡಿಗಾಸಿನ ಖರ್ಚೂ ಇರಲಿಲ್ಲ.

ಅಧ್ಯಾಪಕರ ಕಷ್ಟ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಮುಂದಿನ ವರ್ಷ ತಾನು ಇಲ್ಲಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವರಿಂದ ದೂರದ ಯೋಚನೆ ಕೇಳುವುದು ತಪ್ಪು. ಜೊತೆಗೆ ದಾಖಲಾತಿ, ಚುನಾವಣೆ ಡ್ಯೂಟಿ, ಮೌಲ್ಯಮಾಪನದ ಕಾಗದ ಪತ್ರ. ಹೀಗೆ ಎಷ್ಟೋ ಒಳ್ಳೆಯ ಕಲಾವಿದರು ಕಾಲೇಜಿಗೆ ಸೇರಿದ ಮೇಲೆ ಚಿತ್ರ ಮಾಡುವುದನ್ನೇ ಬಿಟ್ಟಿದ್ದಾರೆ. ಇದು ಅವರಿಗಷ್ಟೇ ನಷ್ಟವಲ್ಲ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲರು ಪೋಸ್ಟರ್ ಮಾಡಿದಾಗ ವಿದ್ಯಾರ್ಥಿಗಳು ಜೊತೆಗಿದ್ದರು. ಬೆಂಗಳೂರಿನ ಕೆನ್ ಕಲಾ ಶಾಲೆಯಲ್ಲಿ ಆರ್.ಎಂ. ಹಡಪದ್ ಅವರ ಬಳಿ ಕಲಿತವರು ಇವತ್ತಿಗೂ ಅವರ ಜೊತೆ ಕಳೆದ ಹೊತ್ತನ್ನೇ ನೆನೆಯುತ್ತಾರೆ, ಸಿಲೆಬಸ್ಸನ್ನಲ್ಲ. ಗುರು ಕೆಲಸ ಮಾಡುವುದನ್ನು, ಕೆಡಿಸುವುದನ್ನು, ಮತ್ತೆ ಶುರು ಮಾಡುವುದನ್ನು ಮಕ್ಕಳು ಕಣ್ಣಾರೆ ಕಾಣಬೇಕು.

‘ಇದೆಲ್ಲ ಕೆಲಸ ಕೊಡುತ್ತದೆಯೇ?’ ಎಂದು ಪೋಷಕರು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು. ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗೆ ಎರಡು ಸಾಲು ಬರೆದರೆ ನುಣುಪಾದ, ಚೊಕ್ಕಟವಾದ ಚಿತ್ರ ಅರೆ ನಿಮಿಷದಲ್ಲಿ ಬರುತ್ತದೆ. ನಾವು ಇಷ್ಟು ವರ್ಷ ಮಾರ್ಕು ಕೊಡುತ್ತಾ ಬಂದದ್ದು ಆ ನುಣುಪಿಗೆ. ಬಂದ ಹತ್ತು ಚಿತ್ರಗಳಲ್ಲಿ ಯಾವುದು ಸುಳ್ಳು, ಬೆಳಕು ಎಲ್ಲಿ ತಪ್ಪಿದೆ, ಯಾವುದು ಜೀವ ಇಲ್ಲದ್ದು ಎಂದು ಹೇಳಬಲ್ಲವರಿಗೆ ಅನಿಮೇಷನ್‌ನಲ್ಲಾಗಲಿ, ಜಾಹೀರಾತಿನಲ್ಲಾಗಲಿ, ಶಾಲೆಯಲ್ಲಾಗಲಿ ಬೆಲೆ ಇದೆ. ಫೋಟೊ ನಕಲು ಮಾಡುವುದಷ್ಟೇ ಬರುವ ಹುಡುಗರನ್ನು ಈ ಕಾಲಕ್ಕೆ ಬಿಟ್ಟುಕೊಡುವುದು ನನಗೆ ಭಯ ಹುಟ್ಟಿಸುತ್ತದೆ.

ಅಧ್ಯಯನ ಮಂಡಳಿಯವರಲ್ಲಿ ನನ್ನ ವಿನಂತಿ: ಮುಂದಿನ ಸಲ ಸಿಲೆಬಸ್ ತಿದ್ದುವಾಗ ಶೀಟುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ. ಉಳಿದ ಹೊತ್ತನ್ನು ಒಂದೇ ವಿಷಯವನ್ನು ಮತ್ತೆ ಮತ್ತೆ ಮಾಡಲು ಕೊಡಿ. ಕೆಟ್ಟುಹೋದ ಪ್ರಯತ್ನಗಳೂ ಸೇರಿದ ಫೈಲಿಗೆ, ಸ್ಕೆಚ್ ಬುಕ್ಕಿಗೆ ಕೊನೆಯ ಚಿತ್ರಕ್ಕೆ ಇರುವಷ್ಟೇ ಅಂಕ ಇಡಿ. ವೈವಾ ಕನ್ನಡದಲ್ಲೂ ನಡೆಯಬಹುದು ಎಂದು ನಿಯಮದಲ್ಲೇ ಬರೆಯಿರಿ, ಎಕ್ಸಾಮಿನರ್ ಮರ್ಜಿಗೆ ಬಿಡಬೇಡಿ. ಕಲಾ ಇತಿಹಾಸದಲ್ಲಿ ಸೆಮಿಸ್ಟರಿಗೆ ಒಂದು ಪ್ರಶ್ನೆಯಾದರೂ ವಿದ್ಯಾರ್ಥಿ ಸ್ವತಃ ಹೋಗಿ ನೋಡಿ ಬಂದ ಒಂದು ಕೃತಿಯ ಮೇಲೆ ಇರಲಿ.

ಪ್ರಾಂಶುಪಾಲರಲ್ಲಿ ಕೇಳುವುದು: ಮಾಡೆಲ್‌ಗೆ ಬೇರೆಯೇ ಹಣ ತೆಗೆದಿಡಿ. ಗೌರವಕ್ಕೆ ತಕ್ಕ ಸಂಭಾವನೆಯನ್ನು ಅದೇ ದಿನ ಕೈಗೆ ಕೊಡುವ ವ್ಯವಸ್ಥೆ ಮಾಡಿ. ಟೂರಿಗೆ ಹನ್ನೆರಡು ಊರಿನ ಬದಲು ಎರಡು ಊರು ಸಾಕು, ಒಂದೊಂದರಲ್ಲಿ ಎರಡು ದಿನ ಕೂರಲಿ. ಅಧ್ಯಾಪಕರಿಗೆ ಕಾಲೇಜಿನಲ್ಲೇ ಕೆಲಸ ಮಾಡಲು ಒಂದು ಮೂಲೆ ಕೊಡಿ, ಬಾಗಿಲು ತೆರೆದಿರಲಿ. ವಾರಕ್ಕೊಂದು ಮಧ್ಯಾಹ್ನ ಟೈಮ್ ಟೇಬಲ್‌ನಲ್ಲೇ ಚರ್ಚೆಗೆ ಬಿಡಿ. ಅತಿಥಿ ಉಪನ್ಯಾಸಕರ ವಿಷಯ ನಿಮ್ಮ ಕೈ ಮೀರಿದ್ದು ಎಂದು ಬಲ್ಲೆ. ಸರ್ಕಾರಕ್ಕೆ ನೀವು ಬರೆಯುವ ಪತ್ರಕ್ಕೆ ನಮ್ಮಂಥ ಹೊರಗಿನ ಕಲಾವಿದರ ಸಹಿ ಬೇಕಿದ್ದರೆ ಹಾಕುತ್ತೇವೆ.

ಈ ಪತ್ರ ಓದಿ ಯಾವುದಾದರೂ ಕಾಲೇಜು ಶನಿವಾರದ ಚರ್ಚೆ ಶುರು ಮಾಡುವುದಾದರೆ, ಅಥವಾ ಮೊದಲ ವರ್ಷದವರಿಗೆ ಕಾಗದದ ಬಣ್ಣದ ಪಾಠ ಮಾಡಿಸುವುದಾದರೆ, ನಾನು ಸಂಭಾವನೆ ಇಲ್ಲದೆ ಬರುತ್ತೇನೆ. ಕತ್ತರಿ, ಕಾಗದ ನಾನೇ ತರುತ್ತೇನೆ. ಈ ಸೆಮಿಸ್ಟರ್ ಮುಗಿಯುವುದರೊಳಗೆ ನಿಮ್ಮಿಂದ ಉತ್ತರ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಒಪ್ಪದೇ ಇರುವ ಮಾತಿದ್ದರೆ ಅದನ್ನೂ ಬರೆಯಿರಿ, ಎಲ್ಲರ ಮುಂದೆಯೇ ಮಾತಾಡೋಣ.

ಇತಿ,
ತಮ್ಮ ವಿಶ್ವಾಸಿ,
ನಿಮ್ಮ ಕಾಲೇಜುಗಳಿಗೆ ಪರೀಕ್ಷಕಿಯಾಗಿ ಬರುವ ಒಬ್ಬ ಚಿತ್ರ ಕಲಾವಿದೆ